ಅಪ್ಪನ ಎತ್ತರದ ಕಟ್ಟೆ

ನಮ್ಮ ಅಡುಗೆಮನೆಯ ಕಟ್ಟೆ ಅಪ್ಪನ ಅಳತೆಗೆ ಕಟ್ಟಿದ್ದು. ಅಪ್ಪ ಬೇಕರಿಯಲ್ಲಿ ಹಿಟ್ಟು ನಾದುವವನು, ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಉದ್ದದ ಆಳು. ಬೇಕರಿಯ ಮೇಜು ಗಿಡ್ಡ. ಅದರ ಮೇಲೆ ಬಗ್ಗಿ ಬಗ್ಗಿ ಅವನ ಸೊಂಟ ಹೋಗಿತ್ತು. ಹಾಗಾಗಿ ಸ್ವಂತ ಮನೆ ಕಟ್ಟಿಸುವಾಗ, "ಇಲ್ಲಾದ್ರೂ ನೆಟ್ಟಗೆ ನಿಂತ್ಕೊತೀನಿ" ಎಂದು ಕಟ್ಟೆಯನ್ನು ತನ್ನ ಸೊಂಟಕ್ಕೆ ಸರಿಯಾಗಿ ಎತ್ತರಿಸಿ, ಮೇಲೆ ಬಿಳಿ ಅಮೃತಶಿಲೆ ಹಾಸಿಸಿದ. ಅಮ್ಮ ಗಿಡ್ಡಿ. ಕಟ್ಟೆ ಅವಳಿಗೆ ಎದೆಮಟ್ಟ ಬರುತ್ತಿತ್ತು. ಅವಳು ಒಂದು ಮಾತೂ ಆಡದೆ ಬಡಗಿಯಿಂದ ಗೇಣೆತ್ತರದ ಮಣೆಯೊಂದನ್ನು ಮಾಡಿಸಿಕೊಂಡು, ಅದನ್ನು ಹತ್ತಿ ನಿಂತು ಅಡುಗೆ ಮಾಡತೊಡಗಿದಳು. ನಾನು ಹುಟ್ಟುವ ಮೊದಲಿಂದ ಮೊನ್ನೆ ಮೊನ್ನೆಯವರೆಗೂ ಹಾಗೇ ನಡೆದಿತ್ತು.

ಅಪ್ಪನ ಎತ್ತರ ನನಗೆ ಬಂದಿದೆ, ಅಮ್ಮನದು ಅಣ್ಣನಿಗೆ. ಈ ಅನ್ಯಾಯವನ್ನು ಅವನು ಇಂದಿಗೂ ಮರೆತಿಲ್ಲ. ಚಿಕ್ಕಂದಿನಿಂದ ನನ್ನನ್ನು ಕರೆಯುವುದೇ "ಏಣಿ" ಎಂದು. ನಾನು ಶಾಲೆಯಲ್ಲಿ ಆಟದ ಮೇಡಂ. ಮೈದಾನದಲ್ಲಿ ಪೀಪಿ ಊದಿ ಕೂಗಿ ನನ್ನ ಗಂಟಲು ದೊಡ್ಡದಾಗಿದೆ, ಕೋಪ ಮಾತ್ರ ಮೊದಲಿಂದಲೂ ಮೂಗಿನ ತುದಿಯಲ್ಲೇ ಇರುವುದು. ಮದುವೆಯ ಗೋಜಿಗೆ ಹೋಗದೆ ಅಪ್ಪ ಅಮ್ಮನ ಜೊತೆಗೇ ಉಳಿದೆ. ಎರಡು ವರ್ಷದ ಹಿಂದೆ ಅಪ್ಪ ಹೋದ. ಆಮೇಲೆ ಮನೆಯಲ್ಲಿ ಉಳಿದದ್ದು ಅಮ್ಮ, ನಾನು, ಆ ಕಟ್ಟೆ.

ಕಟ್ಟೆಯ ನಡುವೆ ಒಂದು ತಗ್ಗಿತ್ತು. ಕಣ್ಣಿಗೆ ಕಾಣುವಂಥದ್ದಲ್ಲ, ಅಂಗೈ ಇಟ್ಟರೆ ಗೊತ್ತಾಗುವಂಥದ್ದು. ಅಪ್ಪ ಅಲ್ಲೇ ಹಿಟ್ಟು ನಾದುತ್ತಿದ್ದ. ಬೇಕರಿಯಲ್ಲಿ ಊರಿಗೆಲ್ಲ ನಾದಿ ಬಂದವನು ಮನೆಯಲ್ಲೂ ನಾದುತ್ತಿದ್ದ, ಅದೇ ಅವನ ವಿಶ್ರಾಂತಿ. ಅವನು ಹೋದ ಮೇಲೆ ದಿನಾ ಬೆಳಿಗ್ಗೆ ಚಹಾಕ್ಕೆ ನೀರಿಟ್ಟು, ಅದು ಕುದಿಯುವವರೆಗೆ ನಾನು ಆ ತಗ್ಗಿನಲ್ಲಿ ಕೈಯಿಟ್ಟುಕೊಂಡು ನಿಂತಿರುತ್ತಿದ್ದೆ. ಕಲ್ಲು ತಣ್ಣಗಿರುತ್ತಿತ್ತು. ಯಾರಿಗೂ ಇದನ್ನು ಹೇಳಿರಲಿಲ್ಲ, ಹೇಳಿದರೆ ಅಣ್ಣ ನಗುತ್ತಾನೆ.

ಹೀಗಿರುವಾಗ ಅಮ್ಮ ಮಣೆಯಿಂದ ಬಿದ್ದಳು. ಹಾಲಿನ ಪಾತ್ರೆ ಇಳಿಸಿ ಹಿಂದೆ ಕಾಲಿಟ್ಟಳಂತೆ, ಮಣೆ ಮುಗಿದದ್ದು ತಿಳಿಯಲಿಲ್ಲವಂತೆ. ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಡಾಕ್ಟರು ಪಟ್ಟಿ ಹಾಕಿ, "ಇನ್ಮೇಲೆ ಏನನ್ನೂ ಹತ್ತೋ ಹಾಗಿಲ್ಲ ಅಜ್ಜಿ, ಮಣೆ ಗಿಣೆ ಎಲ್ಲ ಬಿಟ್ಟುಬಿಡಿ" ಎಂದರು.

"ಮಣೆ ಬಿಟ್ರೆ ಒಲೆ ಹೇಗೆ ಸಿಗುತ್ತೆ ನಂಗೆ?" ಎಂದಳು ಅಮ್ಮ.

"ಕಟ್ಟೆ ಇಳಿಸೋಣ," ಎಂದ ಅಣ್ಣ. ಅವನಿಗೆ ಎಲ್ಲವೂ ಸಲೀಸು. ಬೇರೆ ಮನೆಯಲ್ಲಿ ಇರುವವರಿಗೆ ಈ ಮನೆಯದೆಲ್ಲ ಸಲೀಸೇ.

ಮೇಸ್ತ್ರಿ ಬಂದು ಕಟ್ಟೆಯ ಅಡಿಯಲ್ಲಿ ಬಗ್ಗಿ ನೋಡಿದ, ಬೆರಳ ಗೆಣ್ಣಿನಿಂದ ತಟ್ಟಿದ. ನಲ್ಲಿಯ ಪಕ್ಕ ಕೂದಲೆಳೆಯಂಥ ಒಂದು ಬಿರುಕಿತ್ತು. "ಇಳಿಸ್ಬೋದು. ಆದ್ರೆ ಈ ಕಲ್ಲು ಇಡಿಯಾಗಿ ಬರುತ್ತೆ ಅಂತ ನಾನು ಮಾತು ಕೊಡಲ್ಲ. ಸಿಮೆಂಟು ಕಚ್ಕೊಂಡು ಕೂತಿದೆ. ಹೊಸ ಕಲ್ಲು ನೋಡ್ಕೊಳ್ಳಿ," ಎಂದು ಕೈ ಝಾಡಿಸಿಕೊಂಡ.

"ಕಟ್ಟೆ ಮುಟ್ಟೋದು ಬೇಡ. ನಾನೇ ಅಡುಗೆ ಮಾಡ್ತೀನಿ, ಅಮ್ಮ ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಲಿ," ಎಂದೆ.

ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅಂದರೆ ಕೆಳಗಿಂದ ಮೇಲಕ್ಕೆ. "ಯಾಕೆ, ನನ್ನನ್ನ ಗೊಂಬೆ ತರ ಕೂರಿಸಿ ಪೂಜೆ ಮಾಡ್ತೀಯಾ? ನೀನು ಮಾಡಿದ ಅಡುಗೆ ಈ ತಿಂಗಳು ತಿಂತಾ ಇದ್ದೀನಿ. ಕೈ ಮುರಿದದ್ದೇ ಸಾಕು, ನಾಲಿಗೇನೂ ಯಾಕೆ ಮುರೀತೀಯ?"

ಅಣ್ಣ ಬಿದ್ದು ಬಿದ್ದು ನಕ್ಕ. ನಾನು ಸೋತೆ. ಆದರೆ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕಟ್ಟೆ ಇಳಿಯುವುದಾದರೆ ಇಳಿಯಲಿ, ಮೇಲೆ ಬರುವ ಕಲ್ಲು ಮಾತ್ರ ಅದೇ ಬಿಳಿ ಅಮೃತಶಿಲೆಯಾಗಬೇಕು, ಅಪ್ಪ ಆರಿಸಿದಂಥದ್ದೇ, ಅಪ್ಪ ಆರಿಸಿದ ಹಾಗೆಯೇ ಆರಿಸಿದ್ದು. ಅಷ್ಟಾದರೂ ಮನೆಯಲ್ಲಿ ಉಳಿಯಲಿ ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡೆ.

ಅಪ್ಪ ಕಲ್ಲು ಆರಿಸಿದ ಕಥೆ ನಮ್ಮ ಮನೆಯಲ್ಲಿ ಬಹಳ ಸಲ ಹೇಳಿಸಿಕೊಂಡದ್ದು. ಆಗ ನಾನಿನ್ನೂ ಅಮ್ಮನ ಹೊಟ್ಟೆಯಲ್ಲಿದ್ದೆ, ಅಣ್ಣ ಪುಟ್ಟವನು. "ನಡೀರಿ, ಕಲ್ಲಂಗಡಿಗೆ ಹೋಗೋಣ" ಎಂದನಂತೆ ಅಪ್ಪ. ಅಣ್ಣ ಹಣ್ಣು ಸಿಗುತ್ತದೆಂದು ಕುಣಿದುಕೊಂಡು ಹೋಗಿ, ಅಲ್ಲಿ ಬರೀ ಚಪ್ಪಡಿಗಳನ್ನು ಕಂಡು ನೆಲಕ್ಕೆ ಬಿದ್ದು ಹೊರಳಾಡಿ ಅತ್ತನಂತೆ. ಅಪ್ಪ ಮಾತ್ರ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಹಿಟ್ಟಿನ ಮುದ್ದೆಯನ್ನು ಬಿಚ್ಚಿ, ಒಂದೊಂದು ಉಂಡೆ ಹರಿದು ಒಂದೊಂದು ಕಲ್ಲಿನ ಮೇಲೆ ಒತ್ತಿಟ್ಟ. ಆಮೇಲೆ ಅಂಗಡಿಯವನ ಜೊತೆ ಲೋಕಾಭಿರಾಮ ಮಾತಾಡುತ್ತ ನಿಂತ. ಸಾಕಷ್ಟು ಹೊತ್ತು ಬಿಟ್ಟು ಉಂಡೆಗಳನ್ನು ಎತ್ತಿದ. ಕೆಲವು ಕಲ್ಲು ಹಿಟ್ಟಿನ ನೀರು ಕುಡಿದು ಕಲೆ ಮಾಡಿಕೊಂಡಿದ್ದವು, ಕೆಲವಕ್ಕೆ ಹಿಟ್ಟು ಅಂಟಿ ಎಳೆ ಬಂತು. ಬಿಳಿ ಕಲ್ಲಿನಿಂದ ಉಂಡೆ ಚೊಕ್ಕವಾಗಿ ಎದ್ದು ಬಂತು. "ಕಣ್ಣಿಗೆ ಎಲ್ಲ ಕಲ್ಲೂ ಚೆಂದವೇ. ಹಿಟ್ಟು ಸುಳ್ಳು ಹೇಳಲ್ಲ," ಎಂದನಂತೆ.

ಆದ್ದರಿಂದ ಆ ಭಾನುವಾರ ನಾನು ಎದ್ದವಳೇ ಹಿಟ್ಟು ನಾದಿದೆ. ಅಪ್ಪನ ಕೈ ಹದ ನನಗೆ ಬಂದಿಲ್ಲ, ಹುದುಗುಬರಿಸುವ ಯೀಸ್ಟ್ ಸ್ವಲ್ಪ ಧಾರಾಳವಾಗಿಯೇ ಬಿತ್ತು. ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಅಣ್ಣನ ಕಾರಿನಲ್ಲಿ ಕೂತೆ.

"ಏನೇ ಅದು ಏಣಿ, ಮಗುನಾ?" ಎಂದ ಅಣ್ಣ.

"ಬಾಯಿ ಮುಚ್ಚಿಕೊಂಡು ಗಾಡಿ ಓಡಿಸು. ಇವತ್ತೂ ಹಣ್ಣು ಸಿಗಲ್ಲ, ಅಳಬೇಡ ಮತ್ತೆ."

ಹಿಂದಿನ ಸೀಟಿನಲ್ಲಿ ಅಮ್ಮ ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಅವಳ ಮುಖ ಮದುವೆಗೆ ಹೊರಟವಳ ಹಾಗೆ ಗೆಲುವಾಗಿತ್ತು. ನನಗದು ಸರಿಬರಲಿಲ್ಲ.

ಕಲ್ಲಿನ ಅಂಗಡಿ ಊರಾಚೆ ಒಂದು ದೊಡ್ಡ ಅಂಗಳ. ಆಳೆತ್ತರದ ಚಪ್ಪಡಿಗಳನ್ನು ಕಬ್ಬಿಣದ ಚೌಕಟ್ಟಿಗೆ ಒರಗಿಸಿ ಸಾಲು ಸಾಲಾಗಿ ನಿಲ್ಲಿಸಿದ್ದರು. ಮೂಲೆಯಲ್ಲಿ ಕೊಯ್ಯುವ ಯಂತ್ರ ನೀರು ಚಿಮ್ಮಿಸುತ್ತ ಕಿರುಗುಟ್ಟುತ್ತಿತ್ತು. ನೆಲದ ಮೇಲೆಲ್ಲ ಬೂದು ಬಣ್ಣದ ಕಲ್ಲಿನ ರಾಡಿ. ಕಪ್ಪು, ಕೆಂಪು, ಹಸಿರು, ಒಳಗೆ ಹೊಗೆ ತೇಲಿದಂತೆ ಕಾಣುವ ನೀಲಿ. ಒಂದೊಂದು ಕಲ್ಲಿಗೂ ಒಂದೊಂದು ಹೆಸರು. ಅಂಗಡಿಯ ಯಜಮಾನ ಹೆಣ್ಣು ತೋರಿಸುವವನಂತೆ ಒಂದೊಂದನ್ನೇ ಹೊಗಳುತ್ತ ಬಂದ. "ಇದು ಹಡಗಲ್ಲಿ ಬಂದಿರೋದು. ಇದನ್ನ ಹಾಕ್ಸಿದ್ರೆ ನೆಂಟರು ಅಡುಗೆಮನೆ ಬಿಟ್ಟು ಹೊರಗೇ ಬರಲ್ಲ."

"ಹಾಗಾದ್ರೆ ಬೇಡ," ಎಂದಳು ಅಮ್ಮ.

ನಾನು ಯಜಮಾನನಿಗೆ ಬಿಳಿ ಅಮೃತಶಿಲೆಯ ತುಂಡುಗಳನ್ನಷ್ಟೇ ಮೇಜಿನ ಮೇಲೆ ಹಾಸಲು ಹೇಳಿದೆ. ಬಟ್ಟೆ ಬಿಚ್ಚಿ ಹಿಟ್ಟು ಹರಿಯತೊಡಗಿದಾಗ ಅವನು ಗಾಬರಿಯಾದ. "ಮೇಡಂ, ನೀವು ಕಲ್ಲು ತಗೊಳ್ಳೋಕೆ ಬಂದಿದ್ದೀರೋ, ಇಲ್ಲೇ ಒಲೆ ಹೂಡೋಕೆ ಬಂದಿದ್ದೀರೋ?"

"ನಮ್ಮ ಮನೇಲಿ ಹೀಗೇ," ಎಂದೆ ಗತ್ತಿನಿಂದ. ಅಣ್ಣ ನಮ್ಮ ಮನೆಯವನೇ ಅಲ್ಲ ಎಂಬಂತೆ ದೂರ ಸರಿದು ನಿಂತ.

ಉಂಡೆಗಳನ್ನು ಒತ್ತಿಟ್ಟು ಕಾದೆ. ಅಪ್ಪನ ಹಾಗೆ ಲೋಕಾಭಿರಾಮ ಮಾತಾಡಲು ನನಗೆ ಬರುವುದಿಲ್ಲ, ಸುಮ್ಮನೆ ದಿಟ್ಟಿಸಿಕೊಂಡು ನಿಂತೆ. ಕಡೆಯ ತುಂಡಿನಿಂದ ಉಂಡೆ ಎತ್ತಿದಾಗ ಅದು ಚೊಕ್ಕವಾಗಿ ಎದ್ದು ಬಂತು. ಕೆಳಗೆ ಕಲೆಯಿಲ್ಲ, ಅಂಟಿಲ್ಲ. ಅಂಗೈ ಇಟ್ಟೆ. ತಣ್ಣಗಿತ್ತು, ನಮ್ಮ ಕಟ್ಟೆಯಷ್ಟೇ ತಣ್ಣಗೆ. ಆ ಗದ್ದಲದ ಅಂಗಳದಲ್ಲಿ, ಅಷ್ಟು ಜನರ ನಡುವೆ, ನನ್ನ ಕಣ್ಣು ತುಂಬಿಬಂತು. ಅಪ್ಪ ಪಕ್ಕದಲ್ಲೇ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಿಂತ ಹಾಗಿತ್ತು.

"ಅಮ್ಮಾ, ಸಿಕ್ತು! ಇದೇ!" ಎಂದು ಕೂಗಿ ತಿರುಗಿದೆ. ಅಮ್ಮ ಅಲ್ಲಿರಲಿಲ್ಲ.

ಅವಳು ಸಾಲಿನ ಕಡೆಯಲ್ಲಿ, ಬಿಸಿಲಿಗೆ ಒರಗಿಸಿಟ್ಟ ಒಂದು ಬೂದು ಚಪ್ಪಡಿಯ ಮುಂದೆ ನಿಂತಿದ್ದಳು. ಮೈತುಂಬ ಕಪ್ಪು ಚುಕ್ಕಿಯ ಕಲ್ಲು, ಎಳ್ಳು ಚೆಲ್ಲಿದ ಹಾಗೆ. ಎಡಗೈಯಿಂದ ಅದನ್ನು ಸವರುತ್ತಿದ್ದಳು. "ನಂಗೆ ಇದು ಬೇಕು," ಎಂದಳು.

"ಇದಾ? ಬಸ್‌ಸ್ಟ್ಯಾಂಡಿನ ನೆಲಕ್ಕೆ ಹಾಕಿರ್ತಾರಲ್ಲ, ಆ ತರ ಇದೆ! ಅಲ್ಲಿ ಅಪ್ಪನ ಕಲ್ಲೇ ಸಿಕ್ಕಿದೆ, ಬಂದು ನೋಡು."

"ನೋಡೋದೇನು, ಮೂರು ಹೊತ್ತೂ ಅದನ್ನೇ ನೋಡಿದ್ದೀನಿ. ಬಿಳಿ ಕಲ್ಲು ನನಗೆ ಸಾಕಾಗಿ ಹೋಗಿದೆ ಕಣೇ. ನಿಂಬೆಹಣ್ಣು ಇಟ್ರೆ ಉಂಗುರ ಬೀಳುತ್ತೆ, ಚಹಾ ಚೆಲ್ಲಿದ್ರೆ ಕಲೆ. ಒರೆಸಿ ಒರೆಸಿ ನನ್ನ ಸೀರೆ ಸೆರಗೆಲ್ಲ ಹರಿದುಹೋಯ್ತು. ನಿಂಬೆಹಣ್ಣು ಹೆಚ್ಚಬೇಕಾದ್ರೆ ಹಿತ್ತಿಲಿಗೆ ಹೋಗ್ತಿದ್ದೆ, ಗೊತ್ತಾ? ಕದ್ದು ಮುಚ್ಚಿ ಹೆಚ್ಚೋ ಹಾಗೆ. ಇದರ ಮೇಲೆ ಏನು ಬಿದ್ರೂ ಗೊತ್ತಾಗಲ್ಲ. ನೋಡು, ಈಗ್ಲೇ ಗಲೀಜಾಗಿರೋ ಹಾಗಿದೆ. ಎಷ್ಟು ಚೆನ್ನಾಗಿದೆ!"

"ಇಷ್ಟು ವರ್ಷ ಒಂದು ದಿನಾನಾದ್ರೂ ಹೇಳಿದ್ಯಾ?"

"ನಿಮ್ಮಪ್ಪನಿಗೆ ಅದರ ಮೇಲೆ ಪ್ರಾಣ ಇತ್ತು. ಹೇಳಿ ಏನ್ಮಾಡ್ಲಿ?"

ಎತ್ತು ಏರಿಗೆ, ಕೋಣ ನೀರಿಗೆ. ಅಣ್ಣ ನಡುವೆ ಬಂದು, "ಅಡುಗೆ ಮಾಡೋಳು ಅಮ್ಮ, ಅವಳಿಗೆ ಬೇಕಾದ್ದು ತಗೊಳ್ಳಲಿ ಬಿಡೇ," ಎಂದ. ಅದು ಸರಿಯಾದ ಮಾತು ಎಂಬುದೇ ನನ್ನನ್ನು ಇನ್ನಷ್ಟು ಕೆರಳಿಸಿತು. ತಲೆಗೆ ಏರಿದ ಕೋಪ ಬಾಯಿಗಿಳಿಯಿತು. "ಅಪ್ಪ ಹೋಗಿ ಇನ್ನೂ ಎರಡೇ ವರ್ಷ, ಮಣೆ ಆಚೆಗೆ, ಕಲ್ಲು ಆಚೆಗೆ. ಅವನ ಗುರುತು ಒಂದೂ ಇರಬಾರದು ಅಂತಾನಾ ನಿಂಗೆ?"

ಕೊಯ್ಯುವ ಯಂತ್ರ ಅದೇ ಹೊತ್ತಿಗೆ ನಿಂತಿತ್ತು. ಅಂಗಳದವರೆಲ್ಲ ನಮ್ಮ ಕಡೆ ನೋಡಿದರು. ಅಮ್ಮ ಯಜಮಾನನ ಕಡೆ ತಿರುಗಿ, "ಈ ಚುಕ್ಕಿ ಕಲ್ಲು ಕಳಿಸಿಕೊಡಪ್ಪಾ," ಎಂದಳು. ಹೋಗಿ ಕಾರಿನಲ್ಲಿ ಕೂತಳು.

ವಾಪಸು ಬರುವಾಗ ಉಳಿದ ಹಿಟ್ಟು ನನ್ನ ಮಡಿಲಲ್ಲಿತ್ತು. ಕಾರಿನ ಸೆಕೆಗೆ, ನಾನು ಸುರಿದ ಯೀಸ್ಟಿಗೆ, ಅದು ಮೆಲ್ಲಗೆ ಉಬ್ಬತೊಡಗಿತು. ಮೊದಲು ಬಟ್ಟೆಯ ಗಂಟು ಸಡಿಲವಾಯಿತು. ಆಮೇಲೆ ಒಂದು ಬಿಳಿಯ ಹೊಟ್ಟೆ ಹೊರಗೆ ಇಣುಕಿತು. ನಾನು ಅದುಮಿದೆ, ಅದು ಇನ್ನೊಂದು ಕಡೆಯಿಂದ ಬಂತು. ಎರಡು ಕೈಯಲ್ಲೂ ಒತ್ತಿ ಹಿಡಿದು ಕೋಪದ ಮುಖ ಮಾಡಿಕೊಂಡು ಕೂತಿರುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಹಿಂದಿನಿಂದ ಅಮ್ಮನ ಕಿಸಕ್ಕನೆ ನಗು ಕೇಳಿಸಿತು.

"ನಿಮ್ಮಪ್ಪ ನೋಡಿದ್ರೆ ನಿಂಗೆ ಬೇಕರಿ ಮೆಟ್ಟಿಲೂ ಹತ್ತೋಕೆ ಬಿಡ್ತಿರಲಿಲ್ಲ," ಎಂದಳು.

ಅಣ್ಣನೂ ನಕ್ಕ. ನಾನು ನಗಲಿಲ್ಲ. ನಗಬಾರದೆಂದು ತುಟಿ ಕಚ್ಚಿಕೊಂಡೆ.

ಮಾರನೆಯ ದಿನ ಅಳತೆಗೆ ಮೇಸ್ತ್ರಿ ಬಂದ. ಅಮ್ಮ ಬರಿಗಾಲಲ್ಲಿ ನೆಲದ ಮೇಲೆ ನಿಂತು, ನೆಟ್ಟಗಿದ್ದ ಎಡಗೈಯನ್ನು ಮೊಣಕೈಗೆ ಮಡಚಿ, "ಇಷ್ಟಕ್ಕೆ ಬರಲಿ" ಎಂದಳು. ಮೇಸ್ತ್ರಿ ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದ. ಅಪ್ಪನ ಕಟ್ಟೆಗಿಂತ ಆ ಗೆರೆ ಎಷ್ಟೋ ಕೆಳಗಿತ್ತು. ಅದನ್ನು ನೋಡಿ ನನ್ನ ಕೋಪವೆಲ್ಲ ಇಳಿದುಹೋಗಿ ಬರೀ ದುಃಖ ಉಳಿಯಿತು. ಇಷ್ಟು ಗಿಡ್ಡ ಹೆಂಗಸು ಇಷ್ಟು ವರ್ಷ ಅಷ್ಟು ಎತ್ತರದಲ್ಲಿ ದುಡಿದಳಲ್ಲ!

ಮೇಸ್ತ್ರಿ ಹೋದ ಮೇಲೆ ಕೇಳಿದೆ. "ಕಲ್ಲಿನ ವಿಷಯ ಬಿಡು. ಕಟ್ಟೆ ಇಳಿಸಿ ಅಂತ ಅಪ್ಪನಿಗೆ ಒಂದು ಮಾತು ಹೇಳಿದ್ರೆ ಇಳಿಸ್ತಿರಲಿಲ್ವಾ? ಯಾಕೆ ಸುಮ್ನಿದ್ದೆ?"

ಅಮ್ಮ ಮಣೆಯನ್ನು ಕಾಲಿಂದ ಗೋಡೆಯ ಕಡೆ ಸರಿಸುತ್ತಿದ್ದಳು. "ಇಳಿಸ್ತೀನಿ ಅಂತ ಅವರೇ ಎಷ್ಟೋ ಸಲ ಅಂದ್ರು. ನಾನೇ ಬೇಡ ಅಂದೆ."

"ಯಾಕೆ?"

"ನಿಮ್ಮಪ್ಪನಿಗೆ ಎಡಗಿವಿ ಕೇಳಿಸ್ತಿರಲಿಲ್ಲ ತಾನೇ, ಬೇಕರೀಲಿ ಹಿಟ್ಟು ಕಲಸೋ ಯಂತ್ರದ ಸದ್ದಿಗೆ. ಬಲಗಿವೀನೂ ಅಷ್ಟಕ್ಕಷ್ಟೇ. ನೆಲದ ಮೇಲೆ ನಿಂತು ಏನಾದ್ರೂ ಹೇಳಬೇಕು ಅಂದ್ರೆ ಬೀದಿಗೆಲ್ಲ ಕೇಳೋ ಹಾಗೆ ಕೂಗಬೇಕಿತ್ತು. ಗಂಡನ ಹತ್ರ ಹೇಳೋ ಮಾತನ್ನೆಲ್ಲ ಕೂಗಿ ಹೇಳೋಕಾಗುತ್ತಾ? ಮಣೆ ಮೇಲೆ ನಿಂತ್ರೆ ಅವರ ಬಲಗಿವಿ ನನ್ನ ಬಾಯಿಗೆ ಸಿಗ್ತಿತ್ತು. ಅವರು ಸ್ವಲ್ಪ ಕತ್ತು ವಾಲಿಸಿದ್ರೆ ಸಾಕು." ಆಮೇಲೆ ಎತ್ತರದ ಕಟ್ಟೆಯ ಪಕ್ಕದ ಖಾಲಿ ಜಾಗ ನೋಡಿ, "ಈಗ ಅಷ್ಟೆತ್ತರ ಹತ್ತಿ ಯಾರಿಗೆ ಹೇಳ್ಲಿ ಮಗಳೇ?" ಎಂದಳು.

ನನಗೆ ಎಲ್ಲ ನೆನಪಾಯಿತು. ಅಪ್ಪ ನಾದುತ್ತಿದ್ದಾನೆ, ಅವನ ಬಲಗಡೆ ಮಣೆಯ ಮೇಲೆ ಅಮ್ಮ ಈರುಳ್ಳಿ ಹೆಚ್ಚುತ್ತಿದ್ದಾಳೆ. ಅವಳು ಅವನ ಕಿವಿಯ ಬಳಿ ಏನೋ ಅನ್ನುತ್ತಾಳೆ, ಅಪ್ಪನ ಭುಜ ಕುಲುಕತೊಡಗುತ್ತದೆ. ನಗು ತಡೆಯಲಾರದೆ ಹಿಟ್ಟಿನ ಮೇಲೆಯೇ ಬಗ್ಗುತ್ತಾನೆ. ಓದಲು ಕೂತ ನಾವಿಬ್ಬರೂ ಹೊಟ್ಟೆಕಿಚ್ಚಿನಿಂದ, "ಏನಮ್ಮಾ ಅದು? ನಮಗೂ ಹೇಳು" ಎಂದು ಕೂಗುತ್ತೇವೆ. ಅಮ್ಮನದು ಯಾವಾಗಲೂ ಒಂದೇ ಉತ್ತರ, "ಏನಿಲ್ಲ, ಹಿಟ್ಟಿಗೆ ನೀರು ಸಾಕಾ ಅಂತ ಕೇಳಿದೆ." ಹಿಟ್ಟಿನ ನೀರಿನಲ್ಲಿ ನಗುವಂಥದ್ದೇನಿದೆ ಎಂದು ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ.

ಅವತ್ತು ನಾನು ಅಮ್ಮನ ಮುಂದೆಯೇ ಅತ್ತುಬಿಟ್ಟೆ. ಆಟದ ಮೇಡಂ ಅಳುವುದನ್ನು ನೋಡಿ ಅವಳಿಗೆ ಏನು ಮಾಡಬೇಕೋ ತೋಚಲಿಲ್ಲ. ನನ್ನ ತಲೆ ಸವರಲು ಕೈ ಎತ್ತಿದಳು, ಅದು ಎಟುಕದೆ ಬೆನ್ನು ಸವರಿದಳು.

ಕಲ್ಲು ತೆಗೆಯುವ ದಿನ ಮೇಸ್ತ್ರಿ ಹೇಳಿದಂತೆಯೇ ಆಯಿತು. ಉಳಿ ತಾಗಿಸಿ ಎತ್ತುವಾಗ ಬಿರುಕಿನ ಜಾಗದಲ್ಲಿ ಚಪ್ಪಡಿ ಎರಡು ಹೋಳಾಯಿತು. ದೊಡ್ಡ ಹೋಳಿನಲ್ಲಿ ತಗ್ಗು ಹಾಗೇ ಉಳಿದಿತ್ತು. ಅದನ್ನು ಅಮ್ಮ ಹಿತ್ತಿಲ ಬಾಗಿಲ ಪಕ್ಕ ಎರಡು ಇಟ್ಟಿಗೆಸಾಲಿನ ಮೇಲೆ ಇಡಿಸಿದಳು. "ಇಲ್ಲಿ ಕೂತು ಚಹಾ ಕುಡಿ. ಬೆಳಿಗ್ಗೆ ಹೊತ್ತು ಅದರ ಮೇಲೆ ಕೈಯಿಟ್ಕೊಂಡು ನಿಂತಿರ್ತೀಯಲ್ಲ, ಅದಕ್ಕೆ," ಎಂದಳು. ನೋಡಿದ್ದಾಳೆ ಎಂದು ನನಗೆ ಗೊತ್ತೇ ಇರಲಿಲ್ಲ.

ಹೊಸ ಕಟ್ಟೆಯ ಮೇಲೆ ಚುಕ್ಕಿ ಕಲ್ಲು ಕೂತಿತು. ಅಮ್ಮನ ಕೈಪಟ್ಟಿ ಬಿಚ್ಚಿದ ಭಾನುವಾರ ಅಣ್ಣ ಊಟಕ್ಕೆ ಬಂದ. ಅಮ್ಮ ಮೊದಲು ಮಾಡಿದ ಕೆಲಸವೆಂದರೆ ಒಂದು ನಿಂಬೆಹಣ್ಣು ತಂದು ಕಟ್ಟೆಯ ನಟ್ಟನಡುವೆ ಎರಡು ಹೋಳು ಮಾಡಿ, ರಸ ಹರಿಯಲು ಬಿಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದ್ದು. ಒರೆಸಲು ನಾನು ಬಟ್ಟೆ ಎತ್ತಿಕೊಂಡರೆ ಕಸಿದುಕೊಂಡಳು. ಈರುಳ್ಳಿ ಹೆಚ್ಚಲು ಶುರುಮಾಡಿದಳು. ನಡುವೆ ಒಂದೆರಡು ಸಲ ಅವಳ ಕಾಲು ತಾನಾಗಿಯೇ ಮೇಲೆದ್ದು ಇಲ್ಲದ ಮಣೆಯನ್ನು ತಡಕಿತು.

ಹಿಟ್ಟು ನಾದುವ ಕೆಲಸ ನನಗೆ ಬಂತು. ಮುರಿದ ಮಣಿಕಟ್ಟಿಗೆ ಅದಿನ್ನೂ ಆಗದು. ನಾನು ಅಭ್ಯಾಸಬಲದಿಂದ ಅಪ್ಪ ನಿಲ್ಲುತ್ತಿದ್ದ ಜಾಗದಲ್ಲೇ, ಅಮ್ಮನ ಎಡಕ್ಕೆ ನಿಂತೆ. ಕಟ್ಟೆ ನನ್ನ ತೊಡೆಯ ಮಟ್ಟಕ್ಕೆ ಬರುತ್ತಿತ್ತು. ಬಗ್ಗಿದೆ, ಇನ್ನೂ ಬಗ್ಗಿದೆ. "ಈ ಕಟ್ಟೆ ನನ್ನ ಸೊಂಟ ತೆಗೀತು ಬಿಡು," ಎಂದು ಗೊಣಗಿದೆ. ಅಪ್ಪನ ಬೇಕರಿಯ ಮೇಜು ಹೀಗೇ ಇತ್ತೇನೋ ಅನ್ನಿಸಿತು.

ಅಮ್ಮ ಚಾಕು ಕೆಳಗಿಟ್ಟಳು. ಅವಳ ಉಸಿರು ನನ್ನ ಬಲಗಿವಿಗೆ ತಾಗಿತು. "ನಿಮ್ಮಣ್ಣ ಕಾರು ಓಡಿಸೋ ಚೆಂದ ನೋಡಿದ್ಯಾ?" ಎಂದಳು ಪಿಸುದನಿಯಲ್ಲಿ. "ಅವತ್ತು ಅಷ್ಟೊಂದು ಕಲ್ಲಿನ ಮಧ್ಯೆ ನಾನು ದೇವರನ್ನ ಬೇಡ್ಕೊಂಡಿದ್ದು ಒಂದೇ. ಒಳ್ಳೆ ಕಲ್ಲು ಸಿಗದಿದ್ರೂ ಪರವಾಗಿಲ್ಲ, ವಾಪಸು ಹೋಗೋಕೆ ಎತ್ತಿನಗಾಡಿ ಸಿಗಲಪ್ಪಾ ಅಂತ."

ನಗು ನನ್ನ ಹೊಟ್ಟೆಯಿಂದ ಎದ್ದು ಭುಜಕ್ಕೆ ಬಂತು. ಹಿಟ್ಟಿನಲ್ಲಿ ಕೈ ಹೂತುಹೋಗಿತ್ತು, ಬಾಯಿ ಮುಚ್ಚಿಕೊಳ್ಳಲೂ ಆಗದೆ ಹಾಗೇ ಬಗ್ಗಿಬಿಟ್ಟೆ.

"ಏನ್ರೇ ಅದು? ನಂಗೂ ಹೇಳಿ," ಎಂದು ಹೊರಗಿನ ಕೋಣೆಯಿಂದ ಅಣ್ಣ ಕೂಗಿದ.

"ಏನಿಲ್ಲ," ಎಂದಳು ಅಮ್ಮ ಚಾಕು ಎತ್ತಿಕೊಳ್ಳುತ್ತ, "ಹಿಟ್ಟಿಗೆ ನೀರು ಸಾಕಾ ಅಂತ ಕೇಳಿದೆ."